ರೋಗಿಯ ಲೇಖನಿ

ನಮ್ಮ ಆಯುರ್ವೇದದ ಆಚಾರ್ಯರು ವ್ಯಾಧಿಗಳನ್ನು ವಿಂಗಡಿಸುವಾಗ ಸಾಧ್ಯ, ಅಸಾಧ್ಯ ಎಂಬ ಎರಡೇ ಪಂಗಡಗಳಿಂದ ತೃಪ್ತರಾಗಲಿಲ್ಲ. ಇವೆರಡರ ನಡುವೆ 'ಯಾಪ್ಯ'ವೆಂಬ ಮತ್ತೊಂದನ್ನು ಇಟ್ಟರು. ಬುಡಸಮೇತ ಹೋಗದೆ, ಆದರೆ ಪಥ್ಯಕ್ಕೂ ಔಷಧಕ್ಕೂ ಬಗ್ಗಿ ಹದ್ದುಬಸ್ತಿನಲ್ಲಿದ್ದು, ರೋಗಿಯೊಡನೆ ಬಹುಕಾಲ ಬಾಳುವೆ ಮಾಡುವ ರೋಗವು ಯಾಪ್ಯ. ಬೀಳಲಿರುವ ಮನೆಯನ್ನು ಸರಿಯಾದ ಎಡೆಯಲ್ಲಿ ಕೊಟ್ಟ ಆಸರೆಯ ಕಂಬವು ಹೇಗೆ ಹಿಡಿದು ನಿಲ್ಲಿಸುವುದೋ, ಯುಕ್ತವಾದ ಚಿಕಿತ್ಸೆಯು ಇಂತಹ ರೋಗಿಯನ್ನು ಹಾಗೆಯೇ ಹಿಡಿದು ನಿಲ್ಲಿಸುವುದೆಂಬ ಹೋಲಿಕೆ ಸುಶ್ರುತಸಂಹಿತೆಯಲ್ಲಿದೆ. ಸಂಸ್ಕೃತದ ಉಪಾಧ್ಯಾಯನಾಗಿದ್ದ ನಾನು ಉಪಮಾಲಂಕಾರಕ್ಕೆ ಉದಾಹರಣೆಯೆಂದು ಇದನ್ನು ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೇನೆ. ಅದರ ಅರ್ಥವು ನನಗೆ ತಿಳಿದದ್ದು ಮಾತ್ರ, ನನ್ನ ಬೆರಳುಗಳ ಗಿಣ್ಣುಗಳು ಊದಿಕೊಂಡ ಮೇಲೆ.

ನನಗೆ ಬಂದದ್ದು ಸಂಧಿವಾತ. ದೇಹವನ್ನು ಕಾಯಬೇಕಾದ ರಕ್ಷಣಶಕ್ತಿಯೇ ದಾರಿತಪ್ಪಿ ದೇಹದ ಕೀಲುಗಳ ಮೇಲೆ ಬೀಳುವುದು ಇದರ ಸ್ವಭಾವವೆಂದು ವೈದ್ಯರು ತಿಳಿಸಿದರು. ಬೆಳಗ್ಗೆ ಎದ್ದಾಗ ಕೈಗಳು ಮರದ ಕೈಗಳಂತೆ ಇರುತ್ತಿದ್ದುವು. ಅಂಗಿಯ ಗುಂಡಿಯೇ ಒಂದು ಪರೀಕ್ಷೆಯಾಯಿತು. ಸೀಮೆಸುಣ್ಣವು ಹಿಡಿತಕ್ಕೆ ಸಿಕ್ಕದೆ ಕೆಳಗೆ ಬಿದ್ದಾಗ ಮುಂದಿನ ಸಾಲಿನ ಹುಡುಗನು ಎತ್ತಿಕೊಡುವನು. ಮೂರನೆಯ ಸಲ ಬೀಳುವ ಹೊತ್ತಿಗೆ ಅವನು ತಲೆ ತಗ್ಗಿಸಿಕೊಂಡೇ ಕೊಡುವನು. ಆ ಹುಡುಗನ ಮರ್ಯಾದೆಯನ್ನು ಹೆಚ್ಚು ದಿನ ಪರೀಕ್ಷಿಸಬಾರದೆಂದು, ಅವಧಿಗೆ ಮುಂಚೆಯೇ ನನ್ನ ಐವತ್ತೆರಡನೆಯ ವಯಸ್ಸಿನಲ್ಲಿ ಶಾಲೆಯನ್ನು ಬಿಟ್ಟೆನು. ಈಗ ನನಗೆ ಅರುವತ್ತು.

ಬಿಟ್ಟಾಗ ನನಗೊಂದು ಸಮಾಧಾನವಿದ್ದಿತು. ಮೇಘದೂತಕ್ಕೆ ತಿಳಿಗನ್ನಡದಲ್ಲಿ, ಮನೆಯಲ್ಲಿ ಓದಿಕೊಳ್ಳುವವರಿಗೆ ಅನುಕೂಲವಾಗುವಂತೆ, ಒಂದು ವಿವರಣೆಯನ್ನು ಬರೆಯಬೇಕೆಂಬ ಆಸೆ ಬಹುಕಾಲದ್ದು. ಶಾಲೆಯ ಗಂಟೆಯ ಕಾಟವಿಲ್ಲ, ತಿದ್ದಬೇಕಾದ ಉತ್ತರಪತ್ರಗಳ ಹೊರೆಯಿಲ್ಲ. ಇನ್ನು ದಿನಕ್ಕೆ ಎಂಟು ಗಂಟೆ ಕುಳಿತು ಬರೆಯುವೆನೆಂದು ಸಂಕಲ್ಪ ಮಾಡಿದೆನು. ಓದುಗರು ನಗಬಾರದು. ಮೂರು ತಿಂಗಳು ಕಳೆದರೂ ಮೂರು ಪುಟ ಆಗಲಿಲ್ಲ. ಬ್ರಾಹ್ಮೀ ಮುಹೂರ್ತದಲ್ಲಿ ಏಳಬೇಕೆಂಬ ಹಟದಿಂದ ಎದ್ದು ಕುಳಿತರೆ ಲೇಖನಿ ನಿಲ್ಲದು; ನೋವು ಇಳಿಯುವ ಹೊತ್ತಿಗೆ ಮನಸ್ಸು ಕಹಿಯಾಗಿರುವುದು. ಗಂಟೆ ನನ್ನನ್ನು ಕಾಡುತ್ತಿದ್ದಿತೆಂದು ತಿಳಿದಿದ್ದೆ. ಅದು ನನ್ನನ್ನು ಹಿಡಿದು ನಿಲ್ಲಿಸಿದ್ದಿತೆಂಬುದು ಆಗ ಗೊತ್ತಾಯಿತು. ಕೊನೆಗೆ ಒಂದು ಸಂಜೆ ಕಾಗದಗಳನ್ನೆಲ್ಲ ಹುರಿಯಿಂದ ಕಟ್ಟಿ ಅಟ್ಟಕ್ಕೆ ಹಾಕಿಸಿಬಿಟ್ಟೆನು.

ಇಂತಹ ದೆಸೆಯಲ್ಲಿ ಇನ್ನೊಬ್ಬರು ಹೇಗೆ ನಡೆದುಕೊಂಡರೆಂದು ತಿಳಿಯುವುದು ಒಂದು ಬಗೆಯ ಔಷಧವೇ ಸರಿ. ನಾನು ಆ ದಿನಗಳಲ್ಲಿ ಓದಿದ ಚರಿತ್ರೆಗಳಲ್ಲಿ ನನ್ನನ್ನು ಹೆಚ್ಚಾಗಿ ಹಿಡಿದದ್ದು ಜರ್ಮನಿಯ ತತ್ತ್ವಜ್ಞ ಫ್ರೀಡ್ರಿಷ್ ನೀಟ್ಷೆಯದು. ಈತನ ಮತಗಳಲ್ಲಿ ಅನೇಕವು ನನಗೆ ಒಪ್ಪತಕ್ಕವಲ್ಲ. ಅವನ್ನು ಇಲ್ಲಿ ವಿಮರ್ಶಿಸುವ ಉದ್ದೇಶವೂ ಇಲ್ಲ. ರೋಗದಿಂದ ವಿದ್ಯಾಪೀಠವನ್ನು ಬಿಟ್ಟ ಒಬ್ಬ ಉಪಾಧ್ಯಾಯನು ತನ್ನ ಬರೆವಣಿಗೆಯನ್ನು ಮತ್ತೆ ಹೇಗೆ ಕಟ್ಟಿಕೊಂಡನು, ಎಲ್ಲಿ ಎಡವಿದನು ಎಂಬಷ್ಟೇ ನಮ್ಮ ವಿಷಯ.

ನೀಟ್ಷೆ ಹುಟ್ಟಿದ್ದು ೧೮೪೪ರಲ್ಲಿ. ಗ್ರೀಕ್ ಲ್ಯಾಟಿನ್ ಭಾಷೆಗಳಲ್ಲಿ ಈತನ ಪಾಂಡಿತ್ಯ ಎಷ್ಟಿದ್ದಿತೆಂದರೆ, ಡಾಕ್ಟರ್ ಪದವಿಯು ಇನ್ನೂ ಕೈಗೆ ಬಾರದಿದ್ದಾಗಲೇ, ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ, ೧೮೬೯ರಲ್ಲಿ, ಸ್ವಿಟ್ಜರ್ಲೆಂಡಿನ ಬಾಸೆಲ್ ವಿಶ್ವವಿದ್ಯಾಲಯವು ಈತನನ್ನು ಪ್ರಾಧ್ಯಾಪಕನನ್ನಾಗಿ ಕರೆಯಿತು. ಲೈಪ್ಜಿಗ್ ವಿಶ್ವವಿದ್ಯಾಲಯವು ಪರೀಕ್ಷೆಯಿಲ್ಲದೆಯೇ ಪದವಿಯನ್ನು ಕೊಟ್ಟಿತು. ವಿಶ್ವವಿದ್ಯಾಲಯದ ಉಪನ್ಯಾಸಗಳ ಜೊತೆಗೆ ಅದೇ ಊರಿನ ಪ್ರೌಢಶಾಲೆಯ ಮೇಲಿನ ತರಗತಿಗೆ ಗ್ರೀಕ್ ಪಾಠವನ್ನೂ ಈತನು ಹೇಳಬೇಕಾಗಿದ್ದಿತು. ಆದ್ದರಿಂದ ಈತನು ನಮ್ಮಂತಹ ಶಾಲಾ ಮೇಷ್ಟರುಗಳ ಕುಲಕ್ಕೂ ಸೇರಿದವನು.

ಬಾಲ್ಯದಿಂದಲೇ ಈತನ ಕಣ್ಣು ಮಂದ, ತಲೆನೋವು ಜೊತೆಗಾರ. ೧೮೭೦ರ ಯುದ್ಧದಲ್ಲಿ ಗಾಯಾಳುಗಳ ಶುಶ್ರೂಷೆಗೆ ಹೋದಾಗ ರಕ್ತಭೇದಿಯೂ ಗಂಟಲಮಾರಿಯೂ ಹಿಡಿದು ದೇಹವು ಕುಗ್ಗಿತು. ಆಮೇಲೆ ದಿನಗಟ್ಟಲೆ ಬಿಡದ ತಲೆಶೂಲೆ, ವಾಂತಿ, ಬೆಳಕನ್ನು ಸಹಿಸದ ಕಣ್ಣು. ೧೮೭೬ರಲ್ಲಿ ಒಂದು ವರ್ಷದ ರಜೆ ಪಡೆದು ಇಟಲಿಗೆ ಹೋಗಿ ಬಂದರೂ ಗುಣ ನಿಲ್ಲಲಿಲ್ಲ. ೧೮೭೯ರ ಮೇ ತಿಂಗಳಲ್ಲಿ, ಮೂವತ್ತನಾಲ್ಕನೆಯ ವಯಸ್ಸಿನಲ್ಲಿ, ರಾಜೀನಾಮೆಯ ಪತ್ರವನ್ನು ಬರೆದನು. ಆ ಒಂದು ವರ್ಷದಲ್ಲಿಯೇ ತೀವ್ರವಾದ ಬೇನೆಯಲ್ಲಿ ಕಳೆದ ದಿನಗಳು ೧೧೮ ಎಂದು ತಾನೇ ಲೆಕ್ಕವಿಟ್ಟು ಪತ್ರದಲ್ಲಿ ತಿಳಿಸಿದ್ದಾನೆ. ಸಣ್ಣಪುಟ್ಟ ಬೇನೆಗಳು ಆ ಲೆಕ್ಕಕ್ಕೆ ಸೇರಿಲ್ಲ. ಬಾಸೆಲಿನವರು ವರ್ಷಕ್ಕೆ ೩,೦೦೦ ಫ್ರಾಂಕುಗಳ ವಿಶ್ರಾಂತಿವೇತನವನ್ನು ಕೊಟ್ಟರು. ಅಲ್ಲಿಯ ಸಹೋದ್ಯೋಗಿಯಾಗಿದ್ದ ಫ್ರಾನ್ಸ್ ಓವರ್ಬೆಕ್ ಎಂಬ ಮಿತ್ರನು ಆ ಹಣದ ವ್ಯವಹಾರವನ್ನು ನೋಡಿಕೊಂಡು, ನೀಟ್ಷೆ ಎಲ್ಲಿದ್ದರೆ ಅಲ್ಲಿಗೆ ಕಳುಹಿಸುತ್ತಿದ್ದನು. ಬಡವನಂತೆ ಬಾಳಿದರೆ ಸಾಕಾಗುವಷ್ಟು ಹಣ, ನಂಬಬಹುದಾದ ಒಬ್ಬ ಮಿತ್ರ: ಈ ಎರಡು ಕಂಬಗಳು ಮೊದಲು ನಿಂತುವು. ಮಿಕ್ಕ ಮನೆಯನ್ನು ಆತನೇ ಕಟ್ಟಬೇಕಾಗಿದ್ದಿತು.

ಹೇಗೆ ಕಟ್ಟಿದನೆಂಬುದೇ ಸ್ವಾರಸ್ಯ. ಪಂಡಿತನ ಬರೆವಣಿಗೆಗೆ ಮೇಜು, ಗ್ರಂಥಗಳ ರಾಶಿ, ಅಡಿಟಿಪ್ಪಣಿ, ಗಂಟೆಗಟ್ಟಲೆ ಕೂರುವ ಬೆನ್ನು, ದೀಪದ ಬೆಳಕನ್ನು ತಾಳುವ ಕಣ್ಣು ಇಷ್ಟೂ ಬೇಕು. ಇವುಗಳಲ್ಲಿ ಒಂದೂ ಈತನಿಗೆ ಉಳಿದಿರಲಿಲ್ಲ. ಆದ್ದರಿಂದ ಹಳೆಯ ಬಗೆಯ ಗ್ರಂಥವನ್ನು ಹಳೆಯ ಬಗೆಯಲ್ಲಿ ಬರೆಯುವ ಹಟವನ್ನೇ ಕೈಬಿಟ್ಟನು. ನಡೆಯುತ್ತ ಯೋಚಿಸುವುದು, ಹೊಳೆದದ್ದನ್ನು ಜೇಬಿನ ಪುಸ್ತಕದಲ್ಲಿ ಸೀಸದ ಕಡ್ಡಿಯಿಂದ ಗೀಚಿಕೊಳ್ಳುವುದು, ಮನೆಗೆ ಬಂದ ಮೇಲೆ ಕಣ್ಣು ಒಪ್ಪಿದಷ್ಟು ಹೊತ್ತು ಮಾತ್ರ ಅದನ್ನು ಹಸನು ಮಾಡುವುದು: ಇದು ಈತನ ಹೊಸ ಕ್ರಮವಾಯಿತು. 'ದಾರಿಗನೂ ಅವನ ನೆರಳೂ' ಎಂಬರ್ಥದ ಹೆಸರುಳ್ಳ ಪುಸ್ತಕವನ್ನು ೧೮೭೯ರ ಬೇಸಗೆಯಲ್ಲಿ ಸೇಂಟ್ ಮೊರಿಟ್ಸ್ ಎಂಬ ಗಿರಿಗ್ರಾಮದಲ್ಲಿ, ರಾಜೀನಾಮೆಯ ಬೆನ್ನಲ್ಲಿಯೇ, ಆರು ಚಿಕ್ಕ ಪುಸ್ತಕಗಳಲ್ಲಿ ಹೀಗೆಯೇ ಬರೆದನು. ಕೆಲವು ಸಾಲುಗಳ ಹೊರತು ಎಲ್ಲವೂ ದಾರಿಯಲ್ಲಿಯೇ ಹುಟ್ಟಿದುವಂತೆ. ಬಿಡಿಬಿಡಿಯಾದ ಚಿಕ್ಕ ಖಂಡಗಳಾಗಿ ಬರೆಯುವ ಈತನ ಶೈಲಿಯನ್ನು ಲೋಕವು ಕೊಂಡಾಡುವುದು. ಬೇನೆಯ ಎರಡು ದಾಳಿಗಳ ನಡುವಿನ ಬಿಡುವಿನಲ್ಲಿ ಮುಗಿಯಬಲ್ಲ ಅಳತೆಯನ್ನು ಈತನು ಕಂಡುಕೊಂಡನೆಂದು ನನ್ನ ಊಹೆ.

ಈ ಗೀಚುಗಳನ್ನು ಓದಲು ದಿವ್ಯದೃಷ್ಟಿಯೇ ಬೇಕಾಗಿದ್ದಿತು. ಆ ದೃಷ್ಟಿಯಿದ್ದವನು ಹೈನ್ರಿಷ್ ಕೋಸೆಲಿಟ್ಸ್ ಎಂಬ ಸಂಗೀತಗಾರ ಶಿಷ್ಯನು. ವೆನಿಸ್ ನಗರದಲ್ಲಿದ್ದ ಆತನು ಬಂದ ಹಸ್ತಪ್ರತಿಗಳನ್ನು ಶುದ್ಧಪ್ರತಿ ಮಾಡುವನು, ಕರಡಚ್ಚು ತಿದ್ದುವನು; ೧೮೮೦ರಲ್ಲಿ ನೀಟ್ಷೆ ವೆನಿಸ್ಸಿಗೆ ಹೋದಾಗ ಬಾಯಿಂದ ಹೇಳಿದ್ದನ್ನು ಬರೆದುಕೊಂಡನು. ಒಮ್ಮೆ ಒಂದು ಹಸ್ತಪ್ರತಿಯ ಮುಖಪುಟದ ಮೇಲೆ ಋಗ್ವೇದದ್ದೆಂದು ಅರುಣೋದಯಗಳನ್ನು ಕುರಿತ ಒಂದು ಮಾತನ್ನು ಆತನು ಬರೆದಿಟ್ಟನು. ಗುರುವಿಗೆ ಅದು ಎಷ್ಟು ಮೆಚ್ಚಾಯಿತೆಂದರೆ, 'ನೇಗಿಲ ಗುಳ' ಎಂಬ ಮೊದಲಿನ ಹೆಸರನ್ನು ತೆಗೆದು ಪುಸ್ತಕಕ್ಕೆ 'ಅರುಣೋದಯ'ವೆಂಬರ್ಥದ ಹೆಸರನ್ನೇ ಇಟ್ಟನು. ಅದು ಅಚ್ಚಾದದ್ದು ೧೮೮೧ರಲ್ಲಿ. ಕಣ್ಣು ಕಾಣದವನ ಪುಸ್ತಕಕ್ಕೆ ಉಷಸ್ಸಿನ ಹೆಸರನ್ನು ಲಿಪಿಕಾರನು ಒದಗಿಸಿದ್ದನ್ನು ಓದಿದಾಗ, ಸಂಸ್ಕೃತದ ಮೇಷ್ಟರಾದ ನನಗೆ ಸಂತೋಷವಾಯಿತೆಂದು ಬೇರೆ ಹೇಳಬೇಕಾಗಿಲ್ಲ.

ಮೂರನೆಯ ಕಂಬ ಊರು. ಬೇಸಗೆಗೆ ಎತ್ತರದ ತಂಪು ನಾಡು, ಚಳಿಗಾಲಕ್ಕೆ ಜೆನೋವ, ನೀಸ್ ಮುಂತಾದ ಕಡಲತಡಿ. ಹೀಗೆ ವರ್ಷವನ್ನು ಹಂಚಿಕೊಂಡನು. ಆಲ್ಪ್ಸ್ ಪರ್ವತಗಳಲ್ಲಿ ಸುಮಾರು ೧,೮೦೦ ಮೀಟರು ಎತ್ತರದಲ್ಲಿರುವ ಸಿಲ್ಸ್ ಮರಿಯಾ ಎಂಬ ಹಳ್ಳಿಗೆ ೧೮೮೧ರಲ್ಲಿ ಮೊದಲು ಬಂದನು. ೧೮೮೩ರಿಂದ ೧೮೮೮ರವರೆಗೆ ಪ್ರತಿ ಬೇಸಗೆಯೂ ಅಲ್ಲಿಯೇ. ಅಲ್ಲಿ ಒಂದು ಮನೆಯಲ್ಲಿ ಬಾಡಿಗೆಗೆ ಹಿಡಿದ ಒಂದೇ ಕೋಣೆ. ಹೊರಗೆ ಕೆರೆಗಳ ದಡದ ಕಾಲುದಾರಿಗಳು. ೧೯೬೦ರಿಂದ ಆ ಮನೆಯನ್ನು ಈತನ ಸ್ಮಾರಕವನ್ನಾಗಿ ಜನರಿಗೆ ತೆರೆದಿಟ್ಟಿದ್ದಾರೆ.

ನಾಲ್ಕನೆಯ ಕಂಬಕ್ಕಾಗಿ ಈತನು ಯಂತ್ರವನ್ನು ಮೊರೆಹೊಕ್ಕನು. ಕೋಪನ್‌ಹೇಗನ್ ನಗರದಲ್ಲಿ ಕಿವುಡ ಮೂಗರ ಪಾಠಶಾಲೆಯನ್ನು ನಡೆಸುತ್ತಿದ್ದ ಮಾಲಿಂಗ್ ಹಾನ್ಸೆನ್ ಎಂಬ ಪಾದ್ರಿಯು ಕಂಡುಹಿಡಿದ 'ಬರೆಯುವ ಚೆಂಡು' ಎಂಬ ಬೆರಳಚ್ಚಿನ ಯಂತ್ರವು ೧೮೮೨ರ ಫೆಬ್ರವರಿಯಲ್ಲಿ ಜೆನೋವಕ್ಕೆ ಬಂದಿತು. ಅರ್ಧಗೋಲದ ಮೇಲೆ ಮುಳ್ಳುಹಂದಿಯ ಮುಳ್ಳುಗಳಂತೆ ಕೀಲಿಗಳು. ಅಭ್ಯಾಸವಾದರೆ ಕಣ್ಣಿನ ಹಂಗಿಲ್ಲದೆ ಬರೆಯಬಹುದು. ಆದರೆ ದಾರಿಯಲ್ಲಿಯೇ ಅದು ಪೆಟ್ಟು ತಿಂದಿದ್ದಿತು. ಕೆಲವು ವಾರಗಳಲ್ಲಿ ಕೆಟ್ಟು ಕೂತಿತು. ಅದರಿಂದ ಪುಸ್ತಕವೇನೂ ಹುಟ್ಟಲಿಲ್ಲ. ಆದರೂ ನಾವು ಬರೆಯುವ ಉಪಕರಣವು ನಮ್ಮ ಆಲೋಚನೆಯಲ್ಲಿಯೂ ಕೈಹಾಕುವುದೆಂಬ ಅರಿವು ಆತನಿಗೆ ಅದರಿಂದ ಬಂದಿತು. ಇದರ ನಿಜವನ್ನು ನಾನು ಮುಂದೆ ಸ್ವಾನುಭವದಿಂದ ಹೇಳುವೆನು.

ಈ ಕಂಬಗಳ ಮೇಲೆ ನಿಂತು ಹತ್ತು ವರ್ಷಗಳಲ್ಲಿ ಈತನು ಬರೆದ ಪುಸ್ತಕಗಳು ಹನ್ನೆರಡಕ್ಕೆ ಕಡಿಮೆಯಿಲ್ಲ. ರೋಗವು ತನ್ನನ್ನು ಗ್ರಂಥಗಳ ದಾಸ್ಯದಿಂದ ಬಿಡಿಸಿ, ಇತರರ ಮಾತುಗಳ ಕೆಳಗೆ ಹೂತುಹೋಗಿದ್ದ ತನ್ನ ದನಿಯನ್ನು ತನಗೆ ಕೇಳಿಸಿತೆಂದು ಈತನು ಕೃತಜ್ಞತೆಯಿಂದ ಬರೆದಿದ್ದಾನೆ. ಆದರೆ ಓದುಗರು? 'ಜರಥುಷ್ಟ್ರ'ನೆಂಬ ಹೆಸರಾಂತ ಗ್ರಂಥದ ನಾಲ್ಕನೆಯ ಭಾಗವನ್ನು ೧೮೮೫ರಲ್ಲಿ ಕೇವಲ ೪೦ ಪ್ರತಿ ಅಚ್ಚುಹಾಕಿಸಿದನು. ಅಷ್ಟನ್ನು ಕೊಡುವುದಕ್ಕೂ ಮಿತ್ರರು ಸಾಲಲಿಲ್ಲ. ೧೮೮೭ರಲ್ಲಿ ಬಾಲ್ಯಮಿತ್ರ ಪೌಲ್ ಡಾಯ್ಸನ್ ಸಿಲ್ಸ್ ಮರಿಯಾಕ್ಕೆ ಬಂದು ಕಂಡನು. ಶಾಂಕರಭಾಷ್ಯಸಹಿತವಾಗಿ ಬ್ರಹ್ಮಸೂತ್ರಗಳನ್ನು ಅದೇ ವರ್ಷ ಜರ್ಮನ್ ಭಾಷೆಗೆ ತಂದ, ಮುಂದೆ ೧೮೯೭ರಲ್ಲಿ ಅರುವತ್ತು ಉಪನಿಷತ್ತುಗಳನ್ನು ಅನುವಾದಿಸಿ ಪ್ರಕಟಿಸಿದ ಮಹಾವಿದ್ವಾಂಸನೇ ಈತ. ಒಬ್ಬನು ವಿದ್ಯಾಪೀಠದಲ್ಲಿ ಉಳಿದು ಭಾಷ್ಯಕಾರನಾದನು. ಇನ್ನೊಬ್ಬನು ಅದನ್ನು ಬಿಟ್ಟು ಅಲೆಮಾರಿಯಾದನು. ಮಿತ್ರನ ದೇಹಸ್ಥಿತಿಯೂ ಆ ಬಡಕೋಣೆಯೂ ಡಾಯ್ಸನ್ನನ ಮನಸ್ಸಿಗೆ ನಾಟಿದುವು. ತನ್ನ ಸ್ಮರಣೆಗಳಲ್ಲಿ ಅದನ್ನು ಬರೆದಿಟ್ಟಿದ್ದಾನೆ.

ಈತನ ಕ್ರಮದಲ್ಲಿ ದೋಷಗಳಿರಲಿಲ್ಲವೆ? ಇದ್ದುವು, ಅವು ನಮಗೆ ಗುಣಗಳಿಗಿಂತ ಮುಖ್ಯ. ಮೊದಲನೆಯದು, ತನಗೆ ತಾನೇ ವೈದ್ಯನಾದದ್ದು. ನಿದ್ರೆಗಾಗಿ ಕ್ಲೋರಲ್ ಎಂಬ ಕಡುಮದ್ದನ್ನು ತನಗೆ ತೋರಿದಂತೆ ಸೇವಿಸುತ್ತಿದ್ದನು. ಎರಡನೆಯದು, ಏಕಾಂತವನ್ನು ಮಿತಿಮೀರಿ ಬೆಳೆಸಿದ್ದು. ಮೂರನೆಯದು, ದೇಹವು ಹಗುರವಾದಂತೆ ತೋರಿದ ಕಾಲದಲ್ಲಿ ಲೆಕ್ಕವಿಲ್ಲದೆ ದುಡಿದದ್ದು. ೧೮೮೮ ಒಂದೇ ವರ್ಷದಲ್ಲಿ ಹಲವು ಪುಸ್ತಕಗಳು. ೧೮೮೯ರ ಜನವರಿಯಲ್ಲಿ ತೂರಿನ್ ನಗರದಲ್ಲಿ ಬುದ್ಧಿಯೇ ಕುಸಿಯಿತು. ಓವರ್ಬೆಕ್ಕನೇ ಹೋಗಿ ಕರೆತಂದನು. ಆ ರೋಗ ಯಾವುದೆಂಬುದರಲ್ಲಿ ವೈದ್ಯರಿಗೆ ಇಂದಿಗೂ ಏಕಾಭಿಪ್ರಾಯವಿಲ್ಲ; ಬರೆವಣಿಗೆಯಿಂದ ಅದು ಬಂದಿತೆಂದು ಹೇಳುವಂತಿಲ್ಲ. ಮುಂದಿನ ಹನ್ನೊಂದು ವರ್ಷ ತಾಯಿಯ, ಆಮೇಲೆ ತಂಗಿಯ ಆರೈಕೆಯಲ್ಲಿ ಬದುಕಿ, ೧೯೦೦ರ ಆಗಸ್ಟಿನಲ್ಲಿ ತೀರಿಕೊಂಡನು. ಆತನು ಬಿಟ್ಟುಹೋದ ಟಿಪ್ಪಣಿಗಳನ್ನು ತಂಗಿಯು ತನ್ನ ಮನಸ್ಸಿಗೆ ಬಂದಂತೆ ಜೋಡಿಸಿ ಆತನ ಗ್ರಂಥವೆಂದು ಲೋಕಕ್ಕೆ ಕೊಟ್ಟಳು. ಅದನ್ನು ಸರಿಪಡಿಸಲು ೧೯೬೭ರಿಂದ ಕೋಲಿ, ಮೊಂತಿನಾರಿ ಎಂಬ ಇಬ್ಬರು ಇಟಲಿಯ ವಿದ್ವಾಂಸರ ಪರಿಷ್ಕರಣ ಹೊರಡಬೇಕಾಯಿತು.

ಇದಕ್ಕೆ ಪ್ರತಿಯಾಗಿ ಮತ್ತೊಂದು ಚರಿತ್ರೆಯನ್ನು ಎರಡು ಮಾತಿನಲ್ಲಿ ಹೇಳುವೆನು. ಸಮಾಜಶಾಸ್ತ್ರಜ್ಞ ಮಾಕ್ಸ್ ವೇಬರ್ ಹೈಡಲ್‌ಬರ್ಗಿನಲ್ಲಿ ಪ್ರಾಧ್ಯಾಪಕನಾಗಿದ್ದಾಗ, ೧೮೯೮ರ ಸುಮಾರಿನಲ್ಲಿ, ನರಗಳ ದೌರ್ಬಲ್ಯದಿಂದ ಪಾಠ ಹೇಳಲಾರದೆ ಹೋದನು. ೧೯೦೩ರಲ್ಲಿ ಉದ್ಯೋಗವನ್ನು ಬಿಟ್ಟನು. ಮರುವರ್ಷ ಒಂದು ವಿದ್ವತ್ಪತ್ರಿಕೆಯ ಸಂಪಾದಕರಲ್ಲೊಬ್ಬನಾಗಿ, ಅದರಲ್ಲಿ ೧೯೦೪–೦೫ರಲ್ಲಿ ಪ್ರಾಟೆಸ್ಟಂಟ್ ಧರ್ಮವನ್ನೂ ಬಂಡವಾಳದ ಮನೋಧರ್ಮವನ್ನೂ ಕುರಿತ ಪ್ರಸಿದ್ಧ ಪ್ರಬಂಧವನ್ನು ಬರೆದನು. ಮುಂದೆ ನಮ್ಮ ಹಿಂದೂ ಬೌದ್ಧ ಧರ್ಮಗಳ ಮೇಲೂ ಬರೆದನು. ಉಪನ್ಯಾಸಪೀಠಕ್ಕೆ ಹಿಂದಿರುಗಿದ್ದು ೧೯೧೮ರಲ್ಲಿ, ತೀರಿಕೊಂಡದ್ದು ೧೯೨೦ರಲ್ಲಿ. ಅಪೂರ್ಣವಾಗಿ ಉಳಿದ ಮಹಾಗ್ರಂಥದ ಕಾಗದಗಳನ್ನು ಪತ್ನಿ ಮರಿಯಾನೆ ಒಟ್ಟುಗೂಡಿಸಿ ಅಚ್ಚಿಗೆ ಕೊಟ್ಟಳು. ಆಕೆಯೂ ಸ್ವತಃ ಗ್ರಂಥಕರ್ತ್ರಿ. ವೇಬರನ ಮನೆಯಲ್ಲಿ ಪತ್ನಿಯಿದ್ದಳು, ಬಂದು ಹೋಗುವ ಮಿತ್ರರಿದ್ದರು, ಪತ್ರಿಕೆಯೆಂಬ ಹೊರಗಿನ ಗಂಟೆಯಿದ್ದಿತು.

ಇನ್ನು ನನ್ನ ಅಟ್ಟದ ಕಟ್ಟಿನ ಮಾತು. ಮಹಾಪುರುಷರ ಚರಿತ್ರೆ ಓದಿದ ಮಾತ್ರಕ್ಕೆ ಅದು ಕೆಳಗಿಳಿಯಲಿಲ್ಲ. ಒಂದು ಬೆಳಗ್ಗೆ ಬೆರಳುಗಳನ್ನು ಬಿಸಿನೀರಿನಲ್ಲಿ ಅದ್ದಿಕೊಂಡು ಮುಖ ಗಂಟಿಕ್ಕಿ ಕುಳಿತಿದ್ದಾಗ ನನ್ನ ಗೃಹಿಣಿ ಕೇಳಿದಳು: “ಬೆಳಗಿನ ಹೊತ್ತು ಕೈ ಬಗ್ಗುವುದಿಲ್ಲವೆಂದು ಗೊತ್ತಿದ್ದೂ ಬೆಳಗ್ಗೆಯೇ ಏಕೆ ಬರೆಯಲು ಕೂತಿರಿ? ಹನ್ನೊಂದು ಗಂಟೆಗೆ ಹೂವು ಕಟ್ಟಿಕೊಡುವಷ್ಟು ಸಲೀಸಾಗಿರುತ್ತದೆ ನಿಮ್ಮ ಕೈ. ಆಗ ಬರೆದರೆ ಕಾಳಿದಾಸ ಬೇಡವೆನ್ನುತ್ತಾನೆಯೆ?” ಬ್ರಾಹ್ಮೀ ಮುಹೂರ್ತದ ಮೇಲೆ ನನಗಿದ್ದ ಪಂಡಿತಾಭಿಮಾನವು ಆ ದಿನ ಇಳಿಯಿತು, ಕಾಗದದ ಕಟ್ಟೂ ಇಳಿಯಿತು.

ಅಂದಿನಿಂದ ನನ್ನ ಕ್ರಮವಿದು. ಹನ್ನೊಂದಕ್ಕೆ ಕೂರುವುದು, ಹನ್ನೆರಡೂವರೆಗೆ ಏಳುವುದು. ಚೆನ್ನಾಗಿ ಸಾಗುತ್ತಿದ್ದರೂ ಏಳಲೇಬೇಕು. ಇದೇ ಬಹಳ ಕಷ್ಟದ ಪಥ್ಯ. ಒಳ್ಳೆಯ ದಿನದಲ್ಲಿ ನಾಳೆಯ ಬಲವನ್ನೂ ಸಾಲ ತಂದು ಖರ್ಚುಮಾಡಿದರೆ, ಬಡ್ಡಿ ಸಮೇತ ಮೂರು ದಿನ ಹಾಸಿಗೆಯಲ್ಲಿ ತೀರಿಸಬೇಕಾಗುವುದು. ಒಂದು ಬೈಠಕ್ಕಿಗೆ ಒಂದೇ ಪದ್ಯ. ಆಗದಿದ್ದರೆ ಒಂದೇ ಪದ. ಅದೂ ಆಗದ ದಿನ ಪಂಚಾಂಗದ ಪುಟದ ಮೇಲೆ ಒಂದು ಸೊನ್ನೆ; ಆ ಸೊನ್ನೆಗೆ ಪಶ್ಚಾತ್ತಾಪವಿಲ್ಲ. ಔಷಧದ ವಿಷಯದಲ್ಲಿ ನನ್ನ ಪಾಂಡಿತ್ಯವನ್ನು ತೋರಿಸುವುದಿಲ್ಲ. ವೈದ್ಯರು ಹೇಳಿದ ಮಾತ್ರೆ, ಹೇಳಿದ ಕಾಲಕ್ಕೆ ರಕ್ತಪರೀಕ್ಷೆ.

ಕೈ ಮುಷ್ಕರ ಹೂಡಿದ ದಿನಗಳಿಗೆ ಮೊಮ್ಮಗಳು ಒಂದು ಉಪಾಯ ತೋರಿಸಿದಳು. ಈಗಿನ ಮೊಬೈಲ್ ಫೋನುಗಳು ನಾವು ಆಡಿದ ಕನ್ನಡವನ್ನು ಅಕ್ಷರಕ್ಕಿಳಿಸುವುವು. ನೀಟ್ಷೆಗೆ ದೊರಕದ ಯಂತ್ರ ನನಗೆ ದೊರಕಿತು! ಆದರೆ ಯಕ್ಷನ ಅಲಕಾಪುರಿಯನ್ನು ಅದು ಮೊದಲ ದಿನವೇ 'ಹಾಲು ಪೂರಿ' ಮಾಡಿ ಬಡಿಸಿತು. ದೀರ್ಘಸಮಾಸಗಳೆಂದರೆ ಅದಕ್ಕೆ ಅಜೀರ್ಣ. ಹೀಗಾಗಿ ನಾನೂ ಸಮಾಸಗಳನ್ನು ಬಿಡಿಸಿ, ಚಿಕ್ಕ ವಾಕ್ಯಗಳಲ್ಲಿ, ಎದುರಿಗೆ ಕುಳಿತ ಮಗುವಿಗೆ ಹೇಳುವಂತೆ ಹೇಳತೊಡಗಿದೆನು. ತಿಂಗಳು ಕಳೆದ ಮೇಲೆ ನೋಡಿದರೆ, ಕೈಯಲ್ಲಿ ಬರೆದ ಭಾಗಕ್ಕಿಂತ ಬಾಯಲ್ಲಿ ಹೇಳಿದ ಭಾಗವೇ ತಿಳಿಯಾಗಿದ್ದಿತು. ಉಪಕರಣವು ಆಲೋಚನೆಯಲ್ಲಿ ಕೈಹಾಕುವುದೆಂದೆನಲ್ಲ, ಅದು ಹೀಗೆ.

ರೋಗಿಯಿರುವ ಮನೆಯವರಿಗೆ ಒಂದು ಅರಿಕೆ. “ಹೇಗೂ ಮನೆಯಲ್ಲಿಯೇ ಇದ್ದೀರಲ್ಲ” ಎಂಬ ಮಾತು ಅವನ ಕೆಲಸಕ್ಕೆ ದೊಡ್ಡ ಶತ್ರು. “ಇನ್ನೇಕೆ ಬರೆದು ದಣಿಯುತ್ತೀರಿ, ಸುಮ್ಮನೆ ಮಲಗಿ” ಎಂಬ ಕನಿಕರವು ಅದಕ್ಕಿಂತ ದೊಡ್ಡ ಶತ್ರು. ಅವನಿಗೆ ಬೇಕಾದುದು ಕಾವಲಿರುವ ಒಂದೂವರೆ ಗಂಟೆ, ಬರೆದದ್ದನ್ನು ವಾರಕ್ಕೊಮ್ಮೆ ಓದಿ ಕೇಳುವ ಒಂದು ಕಿವಿ. ನಮ್ಮಲ್ಲಿ ಶನಿವಾರ ಸಂಜೆ ನನ್ನ ಗೃಹಿಣಿ ಅವರೆಕಾಯಿ ಸುಲಿಯುತ್ತ ಕೇಳುವಳು. ಅರ್ಥವಾಗದಿದ್ದರೆ ಅವಳ ಕೈ ನಿಲ್ಲುವುದು. ಅಲ್ಲಿ ನಾನು ಗುರುತು ಹಾಕಿಕೊಳ್ಳುವೆನು. ಹಾಗೆಯೇ, ನನ್ನ ಕಾಗದಗಳಲ್ಲಿ ಯಾವುದು ಮುಗಿದದ್ದು, ಯಾವುದು ಕರಡು, ಯಾವುದನ್ನು ಒಲೆಗೆ ಹಾಕಬೇಕು ಎಂದು ಸ್ಪಷ್ಟವಾಗಿ ಬರೆದು ಅವಳ ವಶಕ್ಕೆ ಕೊಟ್ಟಿದ್ದೇನೆ.

ಮೇಘದೂತದ ಯಕ್ಷನೂ ಉದ್ಯೋಗವನ್ನು ಕಳೆದುಕೊಂಡವನೇ. ಅಧಿಕಾರದಲ್ಲಿ ತಪ್ಪಿ ಒಂದು ವರ್ಷ ರಾಮಗಿರಿಗೆ ಹೋದನು. ಅಲ್ಲಿ ಅವನ ತೋಳು ಸೊರಗಿ ಬಳೆ ಜಾರಿತು. ಹುಡುಗರಿಗೆ ಇದನ್ನು ವಿರಹದ ಲಕ್ಷಣವೆಂದು ಬರೆಸುತ್ತಿದ್ದೆ. ಈಗ ಸೀಮೆಸುಣ್ಣ ಜಾರಿದ ಕೈಯಿಂದ ವಿವರಣೆ ಬರೆಯುವಾಗ ಅಷ್ಟಕ್ಕೇ ನಿಲ್ಲಿಸಲು ಮನಸ್ಸು ಬರುವುದಿಲ್ಲ. ಆದರೆ ಯಕ್ಷನ ಶಾಪಕ್ಕೆ ಅವಧಿಯಿದ್ದಿತು, ಯಾಪ್ಯರೋಗಕ್ಕೆ ಅದಿಲ್ಲ. ಪೂರ್ವಮೇಘವು ಮುಗಿದಿದೆ. ಉತ್ತರಮೇಘದಲ್ಲಿ ಅರ್ಧ ದೂರ ಬಂದಿದ್ದೇನೆ. ಕಳೆದ ತಿಂಗಳ ಪಂಚಾಂಗದಲ್ಲಿ ಹನ್ನೊಂದು ಸೊನ್ನೆಗಳು, ಹತ್ತೊಂಬತ್ತು ಗುರುತುಗಳು. ಈ ಲೇಖನಕ್ಕೆ ಅವುಗಳಲ್ಲಿ ಏಳು ವೆಚ್ಚವಾದುವು. ನಾಳೆ ಹನ್ನೊಂದಕ್ಕೆ ಮತ್ತೆ ಯಕ್ಷನ ಮನೆಯ ಬಾಗಿಲಿಗೆ ಹೋಗಬೇಕು.

ಅಲಮತಿವಿಸ್ತರೇಣ.